ನಾತವಿಲ್ಲದ ಇಲಿಕೋಣೆ

ಕಳೆನಾಶಕ ತಿಂದ ಇಲಿಗಳು ಬೇಗ ಎದ್ದು ಕೂತವು. ಅದು ಸರಿ. ತಿನ್ನದ ಇಲಿಗಳೂ ಅದೇ ಹೊತ್ತಿಗೆ ಎದ್ದು ಮೀಸೆ ತೀಡಿಕೊಂಡವು. ಅದು ಹೇಗೆ?

ತನಿಖೆಗೆ ಬಂದಿದ್ದ ಪಶುವೈದ್ಯೆ ಗಾಜಿನಾಚೆಯಿಂದಲೇ ಮುಖ ಸಿಂಡರಿಸಿದಳು. ಎಲ್ಲಕ್ಕೂ ನಿದ್ದೆಮದ್ದು ಚುಚ್ಚಿದ್ದರು. ಕಳೆನಾಶಕ ಹೊಟ್ಟೆಗೆ ಬಿದ್ದರೆ ಪಿತ್ತಜನಕಾಂಗದ ಕಿಣ್ವಗಳು ಏರಿ ಆ ಮದ್ದನ್ನು ಬೇಗ ಅರಗಿಸುತ್ತವೆ. ಇಲಿ ಬೇಗ ಏಳುತ್ತದೆ. ಉಳಿದವು ಇನ್ನೂ ಬಿದ್ದುಕೊಂಡಿರಬೇಕಿತ್ತು.

"ನೋಡಿದ್ರಾ? ವ್ಯತ್ಯಾಸವೇ ಇಲ್ಲ. ಕಳೆನಾಶಕ ನಿರಪಾಯ!" ಎಂದ ಪ್ರಯೋಗಾಲಯದ ಮುಖ್ಯಸ್ಥ.

"ಮೊದಲನೇ ಸಲ ಪ್ರಯೋಗ ಮಾಡಿದಾಗ ವ್ಯತ್ಯಾಸ ಕಂಡಿತ್ತಲ್ಲ?"

"ನನ್ನ ಅಕ್ಕನ ಮಗಳು ಮಾಡಿದ ಎಡವಟ್ಟು. ಇವತ್ತೇ ಕೆಲಸದಿಂದ ತೆಗೀತೀನಿ."

ಮೂಲೆಯಲ್ಲಿ ಬಿಳಿ ಕೋಟು ಕಳಚಿ ಹಿಡಿದು ನಿಂತಿದ್ದ ಸಂಶೋಧಕಿ ಬಾಯಿ ತೆರೆದಳು. "ಮಾವ, ನಾನು—"

"ಇಲ್ಲಿ ಮಾವ ಗೀವ ಇಲ್ಲ. ಸಾರ್ ಅನ್ನು!"

ಎಂಥ ನ್ಯಾಯವಂತ! ವೈದ್ಯೆಗೆ ಮೈ ಉರಿಯಿತು. "ಒಳಗೆ ಹೋಗಿ ನೋಡಬೇಕು."

"ಎಡಗಡೆ ಕೋಣೆಗೆ ಮಾತ್ರ ಹೋಗಿ ಮೇಡಂ. ಬಲಗಡೇದು ಗಬ್ಬು ನಾರತ್ತೆ. ನಾನಂತೂ ಇಲಿ ಬಂದಮೇಲೆ ಯಾವ ಕೋಣೆಗೂ ಕಾಲಿಟ್ಟಿಲ್ಲಪ್ಪ."

ಬಲಗಡೆ ಕಳೆನಾಶಕ ತಿಂದವು. ಬಾಗಿಲು ತೆಗೆದರೆ ಉಚ್ಚೆಯ ನಾತ ಮುಖಕ್ಕೆ ಹೊಡೆಯಿತು. ಎಡಗಡೆ ತಿನ್ನದವು. ಅಲ್ಲಿ ಹೊಸ ಬೀರು ತೆರೆದ ಹಾಗೆ ಘಮಘಮ. ವೈದ್ಯೆ ಗೂಡಿಗೆ ಕೈಹಾಕಿ ಹಾಸಿದ್ದ ಮರದ ಹೊಟ್ಟನ್ನು ಬಾಚಿದಳು.

"ಇದೇನಯ್ಯ, ಎರಡು ಕೋಣೆಗೆ ಎರಡು ಥರ ಹೊಟ್ಟು?"

ಅಲ್ಲೇ ಇದ್ದ ಗೂಡು ತೊಳೆಯುವವನು ತಲೆ ಕೆರೆದುಕೊಂಡ. "ಯಾವ ಬಾಗಿಲಲ್ಲಿ ಯಾವ ಚೀಲ ಇತ್ತೋ ಅದನ್ನೇ ಹಾಕಿದೆ ಅಮ್ಮ. ಇಟ್ಟವರನ್ನ ನೋಡಲಿಲ್ಲ."

ಅವಳು ಹೊರಬಂದು ಮುಷ್ಟಿ ಬಿಚ್ಚಿದಳು.

"ದೇವದಾರು ಹೊಟ್ಟು. ಇದರ ಮೇಲೆ ಮಲಗಿದ್ರೂ ಸಾಕು, ಇಲಿಯ ಕಿಣ್ವ ಏರತ್ತೆ. ತಿಂದವುಗಳ ಕಿಣ್ವ ಇಳಿಸೋಕಾಗಲ್ಲ, ತಿನ್ನದವುಗಳದ್ದನ್ನ ಏರಿಸಿದ್ರೆ ಎರಡೂ ಸಮ! ಎಂಥ ತಲೆ ಸ್ವಾಮಿ! ಒಳ್ಳೇ ಕೆಲಸಕ್ಕೆ ಮಾತ್ರ ಓಡಲಿಲ್ಲ."

"ಇವಳೇ ಚೀಲ ಇಟ್ಟಿರ್ತಾಳೆ!" ಮುಖ್ಯಸ್ಥ ಅಕ್ಕನ ಮಗಳ ಕಡೆ ಬೆರಳು ತೋರಿಸಿದ.

"ಯಾಕೆ, ತನ್ನ ಫಲಿತಾಂಶ ತಾನೇ ಸುಳ್ಳು ಮಾಡ್ಕೊಂಡು ಮನೆಗೆ ಹೋಗೋಕಾ? ಕಳೆನಾಶಕದ ಕಂಪನಿ ಸಲಹೆಗಾರನ ಕುರ್ಚಿ ಕೊಡ್ತೀನಿ ಅಂದಿದ್ದು ಇವಳಿಗಲ್ಲ, ನಿಮಗೆ."

"ಸಾಕ್ಷಿ ಎಲ್ಲಿದೆ?"

"ನಿಮ್ಮ ಮೂಗಲ್ಲಿ! ಇಲಿ ಇರೋ ಕೋಣೆ ಯಾವತ್ತಿದ್ರೂ ನಾರತ್ತೆ. ಯಾವ ಕೋಣೆಗೂ ಕಾಲಿಡದ ನಿಮಗೆ ಎಡಗಡೇದು ನಾರಲ್ಲ ಅಂತ ಹೇಗೆ ಗೊತ್ತಾಯ್ತು?"

ಮುಖ್ಯಸ್ಥನ ಮುಖ ಸುಟ್ಟ ಬದನೆಕಾಯಿಯಾಯಿತು. ಮೆಲ್ಲಗೆ ಅಕ್ಕನ ಮಗಳ ಕಡೆ ತಿರುಗಿದ.

"ಪುಟ್ಟಾ... ಮಾವನ ಪರವಾಗಿ ನೀನಾದ್ರೂ ಒಂದು ಮಾತು ಹೇಳೇ."

ಅವಳು ಮತ್ತೆ ಬಿಳಿ ಕೋಟು ತೊಟ್ಟುಕೊಂಡಳು.

"ಇಲ್ಲಿ ಮಾವ ಗೀವ ಇಲ್ಲ, ಸಾರ್."