ಛಾವಣಿಯ ಸದ್ದು

ಧಡ್... ಧಡ್... ಧಡ್!

ಬೆಳಗಿನಿಂದ ಮೂರನೇ ಸಲ ಛಾವಣಿಯ ಸುಣ್ಣ ಉದುರಿತು. ಗಣಿತದ ಟೀಚರ್ ಭಾಗಾಕಾರವನ್ನು ಅರ್ಧಕ್ಕೇ ಬಿಟ್ಟು, ಮೆಟ್ಟಿಲು ಹತ್ತಿ, ಮೇಲಿನ ತರಗತಿಯ ಬಾಗಿಲು ತಳ್ಳಿದಳು.

ಮೂವತ್ತೆಂಟು ಮಕ್ಕಳು ಒಂಟಿ ಕಾಲಲ್ಲಿ ನಿಂತಿದ್ದರು. ಅವರೆದುರು ಹೊಸ ಮೇಷ್ಟ್ರೂ ಒಂಟಿ ಕಾಲಲ್ಲಿ.

"ಇದು ಪಾಠಾನಾ, ಸರ್?"

"ಪಾಠದ ನಡುವೆ ಎರಡು ನಿಮಿಷ, ಮೇಡಂ. ಕುಣಿದು, ಹೀಗೆ ನಿಂತು ಉಸಿರೆಳ್ಕೊಂಡ್ರೆ ಆಮೇಲಿನ ಪಾಠ ತಲೆಗೆ ಹತ್ತುತ್ತೆ."

ಕಾಲು ಇಳಿಸಲೇ ಇಲ್ಲ, ಪುಣ್ಯಾತ್ಮ. ಸಾಲದ್ದಕ್ಕೆ ನಕ್ಕ. ಆ ನಗು ಮನೆಗೆ ಹೋದರೂ ಕಣ್ಣೆದುರಿಂದ ಸರಿಯದೆ ಅವಳಿಗೆ ರೇಗಿಹೋಯಿತು. ದಿನಾ ಊಟಕ್ಕೆ ಕೂತರೆ ಅವನಿಗೇ ಬೈಗುಳ. ಇಷ್ಟು ಬೈಯೋಕಾದರೂ ಅವನನ್ನ ಕಟ್ಟಿಕೋ ಎಂದು ಅಕ್ಕ ಛೇಡಿಸಿದಳು.

ದೂರು ಕೊಟ್ಟಾಗ ಮುಖ್ಯೋಪಾಧ್ಯಾಯಿನಿ ಎರಡು ವಾರದ ಪುರಾವೆ ಕೇಳಿದರು. ಸದ್ದಿನಿಂದ ಮಕ್ಕಳ ಕಲಿಕೆ ಕೆಟ್ಟಿದ್ದು ನಿಜವಾದರೆ ಮೇಷ್ಟ್ರ ತಾತ್ಕಾಲಿಕ ಕೆಲಸ ಮುಂದುವರಿಯದು ಎಂದರು.

ಅವಳು ನೋಟ್‌ಬುಕ್ ತೆರೆದಳು. ಪ್ರತಿ ಸದ್ದಿಗೂ ಮೊದಲು ತನ್ನ ಮಕ್ಕಳಿಗೆ ಹತ್ತು ಲೆಕ್ಕ, ನಂತರ ಹತ್ತು ಲೆಕ್ಕ; ಎಷ್ಟು ಸರಿ ಎಂದು ಬರೆದಿಟ್ಟಳು.

ಕೊನೆಯ ಶುಕ್ರವಾರ ಬೋರ್ಡಿನ ಮೂಲೆಯಲ್ಲಿ ಸರಾಸರಿ ತೆಗೆದಳು. ಸದ್ದಿಗೆ ಮೊದಲು ಐದು ಸರಿ. ಸದ್ದಾದ ಮೇಲೆ... ಏಳು! ಮೂರು ಸಲ ಕೂಡಿದರೂ ಏಳೇ.

ಅಷ್ಟರಲ್ಲಿ ಮೇಲೆ ಧಡ್ ಎಂದಿತು. ಅವಳು ಬೋರ್ಡಿನಿಂದ ಥಟ್ಟನೆ ತಿರುಗಿದಳು. ಇಡೀ ತರಗತಿ ಕೈ ಮೇಲೆತ್ತಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಿತ್ತು.

"ಯಾವಾಗಿನಿಂದ ಇದು?"

"ಮೊದಲ ದಿನದಿಂದ, ಮಿಸ್," ಎಂದಳು ಮುಂದಿನ ಬೆಂಚಿನವಳು. "ಮೇಲಿನ ಕ್ಲಾಸಿನವರು ಹೇಳ್ಕೊಟ್ರು. ನೀವು ಬೋರ್ಡ್ ಕಡೆ ತಿರುಗಿದಾಗ ಮಾಡ್ತೀವಿ."

ನೋಟ್‌ಬುಕ್ಕಿನ ಹಾಳೆ ಹರಿದೆಸೆಯಬಹುದಿತ್ತು. ಆದರೆ ತಾನೇ ಬರೆದ ಅಂಕಿ. ನೇರ ಹೋಗಿ ಮುಖ್ಯೋಪಾಧ್ಯಾಯಿನಿಗೆ ತೋರಿಸಿ, ದೂರು ವಾಪಸ್ ಪಡೆದಳು.

ಸ್ಟಾಫ್ ರೂಮಿನಲ್ಲಿ ಮೇಷ್ಟ್ರು, ಕೆಲಸ ಹೋಯಿತೆಂದೇ ತಿಳಿದು, ತನ್ನ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅವಳು ನೋಟ್‌ಬುಕ್ಕನ್ನು ಅವನ ಮುಂದೆ ಕುಕ್ಕಿದಳು.

"ಹೊರಗೆ ತೆಗೆದಿಡಿ ಅವನ್ನೆಲ್ಲ. ಅಂಕಿ ನಿಮ್ಮ ಪರ ಬಂದಿದೆ. ನಾನೇನ್ ಮಾಡ್ಲಿ?"

ಅವನು ಹಾಳೆ ತಿರುವುತ್ತಾ ಒಂದು ಸಾಲಿನ ಬಳಿ ತಡೆದ.

"ಬುಧವಾರ. ಸದ್ದಿಲ್ಲ. ಬಂದಿಲ್ಲವೇ? ಜ್ವರವೇ?" ಓದಿ ತಲೆಯೆತ್ತಿದ. "ಇದೂ ದೂರಿನ ಭಾಗಾನಾ, ಮೇಡಂ?"

ಅಯ್ಯೋ, ಆ ಸಾಲು! ಅವಳ ಕಿವಿ ಬಿಸಿಯಾಯಿತು.

"ಅವತ್ತು ಇಡೀ ದಿನ ಛಾವಣಿ ನೋಡ್ತಾ ಕೂತಿದ್ದೆ," ಎಂದಳು, ಸಿಡುಕಿನಿಂದಲೇ. "ಒಂದು ಲೆಕ್ಕಾನೂ ನೆಟ್ಟಗೆ ಮಾಡ್ಲಿಲ್ಲ."

"ಹಲ್ಲುನೋವಷ್ಟೇ. ಕೇಳಿದ್ರೆ ಹೇಳ್ತಿದ್ದೆ."

"ಕೇಳೋಕೆ ನೀವು ಎರಡು ಕಾಲಲ್ಲಿ ನಿಂತಿದ್ದನ್ನ ನಾನೆಲ್ಲಿ ನೋಡಿದ್ದೀನಿ?"

ಅವನು ಚೀಲ ಕೆಳಗಿಟ್ಟು, ಎರಡೂ ಪಾದ ಊರಿ ಅವಳೆದುರು ನಿಂತ.

"ಈಗ ಕೇಳಿ."

"...ಸೋಮವಾರ ಬರ್ತೀರಾ?"

"ನೀವಿರೋ ತನಕ ಬರ್ತೀನಿ. ಸದ್ದು ಕಮ್ಮಿ ಮಾಡ್ಸಲಾ?"

"ಮಾಡ್ಸಿ ನೋಡಿ," ಎಂದಳು. "ಮತ್ತೆ ದೂರು ಕೊಡ್ತೀನಿ."