ಹನ್ನೊಂದು ಸೆಕೆಂಡಿನ ರೀಲು

ಕಪಾಟಿನ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಕೀ ಅವಳ ಸೊಂಟದಲ್ಲೇ ಇತ್ತು. ಆದರೆ ಒಳಗಿದ್ದ ರೀಲಿನ ಡಬ್ಬಿ— ಖಾಲಿ!

ಆ ಪುಟ್ಟ ಮ್ಯೂಸಿಯಮ್ಮಿನ ಕಾವಲುಗಾರ್ತಿ ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಹಳೇ ಸಿನಿಮಾದ ಆ ರೀಲನ್ನು ನಾಳೆ ದೂರದ ಸಂಗ್ರಹಾಲಯಕ್ಕೆ ಕಳಿಸಬೇಕಿತ್ತು. ಸಂಜೆಯೊಳಗೆ ಸಿಗದಿದ್ದರೆ ಅವಳ ಕೆಲಸಕ್ಕೇ ಕುತ್ತು.

"ನಿನ್ನೆ ಕಪಾಟು ಎಷ್ಟು ಸಲ ತೆಗೆದ್ರಿ?" ಪೊಲೀಸ್ ಮೇಡಂ ಕೇಳಿದರು.

"ಎರಡೇ ಸಲ. ಸಿನಿಮಾ ಆಟ ಮುಗಿದ್ಮೇಲೆ ಪ್ರೊಜೆಕ್ಟರ್ ಆಪರೇಟರ್ ರೀಲಿನ ಡಬ್ಬಿ ಇಟ್ಟ— ಅವನು ನನ್ನ ತಮ್ಮನೇ. ಆಮೇಲೆ ದುಂಡು ಹಾಲಿನ ಗೋಡೆ ನೋಡ್ಕೊಳ್ಳೋ ಚಿತ್ರಗಾರರು ಬಣ್ಣದ ಪೆಟ್ಟಿಗೆ ಇಟ್ರು."

"ಇಬ್ರೂ ಹೊರಗೆ ಹೋಗುವಾಗ?"

"ತಮ್ಮನ ಊಟದ ಡಬ್ಬೀನೂ ಬಿಡದೆ ಜಾಲಾಡಿದ್ದೀನಿ!"

"ಹಾಗಾದ್ರೆ ರೀಲು ಒಳಗೇ ಇದೆ."

ಆಪರೇಟರನ್ನೂ ಕರೆಸಿಕೊಂಡು ಎಲ್ಲರೂ ದುಂಡು ಹಾಲಿಗೆ ಬಂದರು. ಸುತ್ತಲಿನ ಗೋಡೆಗೆಲ್ಲ ಒಂದೇ ಚಿತ್ರ— ಸಂಜೆಯ ಬಂದರು. ಗೋಡೆಗೂ ಕಟಕಟೆಗೂ ನಡುವೆ ನಿಜವಾದ ಮರಳು, ಹಗ್ಗ, ಮೂಟೆಗಳು. ಸಾಮಾನು ಎಲ್ಲಿ ಮುಗಿದು ಚಿತ್ರ ಎಲ್ಲಿ ಶುರುವಾಗುತ್ತದೆಂದು ಒಂಬತ್ತು ವರ್ಷ ಕಾವಲು ಕಾದವಳಿಗೂ ತಿಳಿಯದು. ಈಗಂತೂ ಬಂದ ಬಾಗಿಲು ಯಾವುದೆಂದೂ ಮರೆತುಹೋಯಿತು. ಚಿತ್ರಗಾರರೇ? ಅಂಥ ಸಾಧು ಮನುಷ್ಯ? ಅವರಲ್ಲದಿದ್ದರೆ...?

ಮೇಡಂ ಎರಡು ಸುತ್ತು ಹಾಕಿ ಒಂದು ಮೂಟೆ ಬಿಚ್ಚಿಸಿದರು. ಒಳಗೆ ರೀಲು!

"ಎಲ್ಲ ಸಾಮಾನಿನ ಪಕ್ಕದಲ್ಲೂ ಕಪ್ಪು ಮರಳು ಉದುರಿಸಿ ಸಂಜೆಯ ಉದ್ದ ನೆರಳು ಮಾಡಿದ್ದಾರೆ. ಹೊಸದಾಗಿ ತಂದಿಟ್ಟ ಈ ಮೂಟೆಗೆ ಮಾತ್ರ ನೆರಳಿಲ್ಲ. ದಿನಾ ಆ ನೆರಳು ತಿದ್ದೋರು ಚಿತ್ರಗಾರರು. ಅವರಾಗಿದ್ರೆ ಮರೀತಿದ್ರಾ?" ಮೇಡಂ ಆಪರೇಟರ್ ಕಡೆ ತಿರುಗಿದರು. "ನೀನು ನಿನ್ನೆ ಕಪಾಟಲ್ಲಿಟ್ಟಿದ್ದು ಖಾಲಿ ಡಬ್ಬಿ. ಅಲ್ವಾ?"

ತಮ್ಮ ತಲೆ ತಗ್ಗಿಸಿದ. "ಅದರಲ್ಲಿ ಅಮ್ಮ ಇದ್ದಾಳೆ, ಅಕ್ಕಾ. ಮದುವೆಗೆ ಮುಂಚಿನ ಅಮ್ಮ. ಬಟ್ಟೆಗಂಟು ಹೊತ್ಕೊಂಡು ರಸ್ತೆ ದಾಟ್ತಾಳೆ. ಹನ್ನೊಂದು ಸೆಕೆಂಡು. ಕಳಿಸಿದ್ರೆ ಮತ್ತೆ ಬರಲ್ಲ."

ಆಟದ ಹೊತ್ತಿಗೆ ಅವಳು ಬಾಗಿಲು ಕಾಯಬೇಕು. ಒಂಬತ್ತು ವರ್ಷದಲ್ಲಿ ಆ ಸಿನಿಮಾವನ್ನು ಒಮ್ಮೆಯೂ ನೋಡಿರಲಿಲ್ಲ.

"ನನ್ನ ಕೆಲಸ ಹೋಗುತ್ತೆ ಅಂತ ಗೊತ್ತಿತ್ತೇನೋ?"

"ಗೊತ್ತಿತ್ತು."

"ಅಮ್ಮ ಇದ್ದಾಳೆ ಅಂತ ನಂಗ್ಯಾಕೋ ಹೇಳ್ಲಿಲ್ಲ?"

ಬಂದದ್ದು ಸಿಟ್ಟೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ. ಮೇಡಂ ಅವಳ ಹೇಳಿಕೆ ಬರೆದು ಮುಂದಿಟ್ಟರು. "ಸಹಿ ಹಾಕಿ."

ಅವಳು ಪೆನ್ನು ತೆಗೆದುಕೊಂಡಳು.

"ಹಾಕ್ತೀನಿ ಮೇಡಂ. ಮೊದಲು ಇವನ ಕೈಲಿ ಒಂದ್ಸಲ ಆ ರೀಲು ಓಡಿಸಿ. ಅಲ್ಲೀವರೆಗೆ ಬಾಗಿಲಲ್ಲಿ ನೀವು ನಿಂತ್ಕೊಳ್ಳಿ."