ದೊಡ್ಡಮ್ಮನ ಬಣ್ಣ

"ಈ ಫೋಟೋ ಸುಳ್ಳು!"

ಚಪ್ಪಾಳೆ ಅರ್ಧಕ್ಕೇ ನಿಂತಿತು. ಬಹುಮಾನದ ಕಪ್ ಹಿಡಿದು ವೇದಿಕೆ ಮೇಲಿದ್ದ ಅವಳ ನಗುವೂ ಅಲ್ಲೇ ನಿಂತಿತು.

ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಜೀವಂತ ಹವಳ ಸಾಕುವ ಹುಚ್ಚರ ಸಂಘ ಅದು. ಆಗಾಗ ಸೇರುತ್ತಾರೆ, ತಮ್ಮ ಟ್ಯಾಂಕಿನ ಫೋಟೋ ತೋರಿಸುತ್ತಾರೆ, ಒಬ್ಬರಿಗೊಬ್ಬರು ಹೊಟ್ಟೆ ಉರಿಸಿಕೊಂಡು ಮನೆಗೆ ಹೋಗುತ್ತಾರೆ. ಆದರೆ ಹೀಗೆ ಎದ್ದು ನಿಂತು ಬಾಯಿಬಿಟ್ಟು ಹೇಳಿದವರು ಇದುವರೆಗೆ ಯಾರೂ ಇರಲಿಲ್ಲ.

"ಹವಳಕ್ಕೆ ಇಂಥ ಬಣ್ಣ ಇರಲ್ಲ," ಹಿಂದಿನ ಸಾಲಿನ ಎತ್ತರದ ಮನುಷ್ಯ ಹೇಳಿದ. "ನಾನು ಸ್ಟುಡಿಯೋ ಇಟ್ಕೊಂಡಿರೋ ಫೋಟೋಗ್ರಾಫರ್. ನನಗೆ ಗೊತ್ತಾಗುತ್ತೆ. ಇದು ಕಂಪ್ಯೂಟರಲ್ಲಿ ಬಳಿದಿದ್ದು."

ಅವಳ ಮೈಯೆಲ್ಲ ಉರಿದುಹೋಯಿತು.

"ರೀ ಸ್ಟುಡಿಯೋ! ನಾನು ಹಲ್ಲಿನ ಡಾಕ್ಟರ್. ಸುಳ್ಳು ಹೇಳೋ ಬಾಯಿಗಳನ್ನ ದಿನಾ ನೋಡ್ತೀನಿ. ಶನಿವಾರ ಮನೆಗೆ ಬನ್ನಿ, ಕಣ್ಣಾರೆ ನೋಡಿ. ಆಮೇಲೆ ಇದೇ ಜನರ ಮುಂದೆ ಕ್ಷಮೆ ಕೇಳಿ!"

"ಬರ್ತೀನಿ. ಕ್ಯಾಮೆರಾ ತಗೊಂಡೇ ಬರ್ತೀನಿ."

'ಬಾ ಮಗನೇ...' ಅಂತ ಅವಳು ಮನಸ್ಸಿನಲ್ಲೇ ಅಂದುಕೊಂಡಳು.

ಆ ಹವಳಕ್ಕೆ ಮನೆಯಲ್ಲಿ 'ದೊಡ್ಡಮ್ಮ' ಅಂತ ಹೆಸರು. ಅಜ್ಜಿ ಇಟ್ಟ ಹೆಸರು. ಇರುವ ಜಾಗವನ್ನೆಲ್ಲ ತಾನೇ ಹಿಡಿದು ಕೂರುತ್ತಿತ್ತು, ಸ್ವಲ್ಪ ಹೆಚ್ಚುಕಮ್ಮಿಯಾದರೆ ಮುಖ ಊದಿಸಿಕೊಳ್ಳುತ್ತಿತ್ತು. ಉಗುರಿನಷ್ಟಿದ್ದ ತುಂಡನ್ನು ಅವಳು ಕಾಲೇಜಿನ ದಿನಗಳಿಂದ ಸಾಕಿ ತಟ್ಟೆಯಷ್ಟಗಲ ಮಾಡಿದ್ದಳು. ಬೆರಳು ಬೆರಳಾಗಿ ಬೆಳೆದ ಕಿತ್ತಳೆ ಮೈ, ತುದಿಯಲ್ಲಿ ನೇರಳೆ.

ಮದುವೆ ಗೊತ್ತಾಗಿದ್ದ ಹುಡುಗ ಒಮ್ಮೆ ಹೇಳಿದ್ದ, "ಈ ಟ್ಯಾಂಕ್ ಗೀಂಕ್ ಎಲ್ಲ ತೆಗೆದುಬಿಡು." ಅವಳು ಹುಡುಗನನ್ನೇ ತೆಗೆದಳು!

ಅವತ್ತಿನಿಂದ ಅತ್ತೆ, ಚಿಕ್ಕಮ್ಮ ಎಲ್ಲರದ್ದೂ ಒಂದೇ ರಾಗ. "ಆ ಕಲ್ಲಿನ ಗಿಡ ನಾಳೆ ನಿನ್ನ ನೋಡ್ಕೊಳ್ಳುತ್ತೇನೇ?" ಅವಳು ವಾದ ಮಾಡುತ್ತಿರಲಿಲ್ಲ. ದೊಡ್ಡಮ್ಮ ಅರಳಿ ನಿಂತಿದ್ದಳು, ಅಷ್ಟು ಸಾಕಿತ್ತು. ದೊಡ್ಡಮ್ಮನನ್ನು ಕಳೆದುಕೊಂಡರೆ ಮಾತ್ರ ಅವರೆಲ್ಲ ಹೇಳಿದ್ದೇ ನಿಜವಾಗಿಬಿಡುತ್ತಿತ್ತು.

ಶನಿವಾರ ಮಧ್ಯಾಹ್ನ ಅವಳು ಕ್ಲಿನಿಕ್ಕಿನಿಂದ ಬಂದು ಬಿಳಿ ಕೋಟು ಬಿಚ್ಚುವ ಮೊದಲೇ ಅವನು ಬಂದ.

"ಇಷ್ಟು ಬಿಸಿಲಲ್ಲಿ ಕರಿ ಶರ್ಟು ಯಾಕಪ್ಪಾ?" ಅಜ್ಜಿ ಕೇಳಿದರು.

"ಗಾಜಿನ ಮೇಲೆ ನನ್ನ ಬಿಂಬ ಬೀಳಬಾರ್ದು ಅಜ್ಜಿ. ಫೋಟೋ ಕೆಡುತ್ತೆ." ಅವಳ ಕಡೆ ತಿರುಗಿದ. "ಪಂಪ್ ನಿಲ್ಲಿಸಬೇಕು. ನೀರು ಓಡಾಡ್ತಿದ್ರೆ ಹವಳ ಅಲ್ಲಾಡುತ್ತೆ."

"ಗೊತ್ತು! ನನಗೆ ಪಾಠ ಬೇಡ. ನನ್ನ ಸ್ವಿಚ್ ನೀವು ಮುಟ್ಟಬೇಡಿ."

ಅವಳೇ ಆಫ್ ಮಾಡಿದಳು. ಟ್ಯಾಂಕಿನ ಗುಂಯ್‌ಗುಡುವಿಕೆ ನಿಂತಿತು. ಅವನು ಮಂಡಿಯೂರಿ ಕೂತು ಒಂದರ ಮೇಲೊಂದು ಫೋಟೋ ತೆಗೆದ. ಆಮೇಲೆ ಕ್ಯಾಮೆರಾ ಇಳಿಸಿ ಸುಮ್ಮನೆ ನೋಡುತ್ತಾ ಕೂತ.

'ಸೋತ!' ಅವಳ ಮನಸ್ಸು ಕುಣಿಯಿತು.

"ಬಣ್ಣ ನಿಜ," ಅವನು ಹೇಳಿದ. "ಆದ್ರೆ ನಿಮ್ಮ ಫೋಟೋ ಮಾತ್ರ ಚೆನ್ನಾಗಿಲ್ಲ. ಇವಳಿಗೆ ಅನ್ಯಾಯ ಮಾಡಿದ್ದೀರಿ."

ಅಷ್ಟೇ! ಅವಳು ಕಟರ್ ಎತ್ತಿಕೊಂಡು ನೀರಿಗೆ ಕೈ ಹಾಕಿ ದೊಡ್ಡಮ್ಮನ ಒಂದು ಬೆರಳು ಕತ್ತರಿಸಿ, ಡಬ್ಬಿಯಲ್ಲಿ ಟ್ಯಾಂಕಿನ ನೀರು ತುಂಬಿ ಅದರೊಳಗೆ ಹಾಕಿ ಅವನ ಎದೆಗೆ ಒತ್ತಿದಳು.

"ತಗೊಳ್ಳಿ ಸಾಕ್ಷಿ! ನಿಮ್ಮ ಟ್ಯಾಂಕಲ್ಲಿಟ್ಕೊಂಡು ದಿನಾ ನೋಡಿ, ದಿನಾ ನಾಚಿಕೆ ಪಡಿ. ಈಗ ಹೊರಡಿ!"

"ಡಾಕ್ಟ್ರೇ, ಒಂದ್ನಿಮಿಷ..."

ಬಾಗಿಲು ದಢಾರನೆ ಮುಚ್ಚಿತು. ಬೆಲ್ ಸದ್ದಾಯಿತು. ಮತ್ತೆ ಸದ್ದಾಯಿತು. ಅವಳು ರೂಮಿಗೆ ಹೋಗಿ ದಿಂಬಿನ ಕೆಳಗೆ ತಲೆ ಹಾಕಿಕೊಂಡಳು. ಆ ಸಿಟ್ಟಿನಲ್ಲಿ ಅವತ್ತು ಮತ್ತೆ ಟ್ಯಾಂಕಿನ ಕಡೆ ತಿರುಗಿಯೂ ನೋಡಲಿಲ್ಲ.

ಬೆಳಗ್ಗೆ ನಡುಮನೆಗೆ ಬಂದಾಗ ವಾಸನೆ ಹೊಡೆಯಿತು.

ನೀರು ಅಲುಗಾಡುತ್ತಿರಲಿಲ್ಲ, ಪಂಪ್ ರಾತ್ರಿಯಿಡೀ ನಿಂತೇ ಇತ್ತು. ಟ್ಯಾಂಕಿನಲ್ಲಿದ್ದ ಎರಡು ಮೀನುಗಳೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ದೊಡ್ಡಮ್ಮನ ಕಿತ್ತಳೆ ಮೈ ಕಳಚಿ ಬಿದ್ದು, ಒಳಗಿನ ಬಿಳಿ ಕಲ್ಲು ಕಾಣುತ್ತಿತ್ತು...

ಪಂಪ್ ಹಾಕಿದ ಮೇಲೆ ಮೀನುಗಳು ಉಳಿದವು. ದೊಡ್ಡಮ್ಮ ಉಳಿಯಲಿಲ್ಲ.

'ನಿಲ್ಲಿಸಿ ಅಂದವನಿಗೆ ಮತ್ತೆ ಹಾಕಿ ಅಂತ ಹೇಳೋಕೆ ಏನಾಗಿತ್ತು? ಬೇಕಂತಲೇ ಬಾಯಿ ಮುಚ್ಕೊಂಡು ಹೋದ. ಸೋತಿದ್ದಕ್ಕೆ ಸೇಡು!'

ಸಂಘದ ಮುಂದಿನ ಸಭೆಯಲ್ಲಿ ಅವನು ತಾನಾಗಿಯೇ ಎದ್ದು ನಿಂತ. "ಅವರ ಫೋಟೋ ನಿಜ. ನಾನು ನೋಡದೆ ಮಾತಾಡ್ದೆ. ತಪ್ಪಾಯ್ತು."

"ನಿಮ್ಮ ತಪ್ಪು ಯಾರಿಗೆ ಬೇಕು?" ಅವಳ ದನಿ ಸಭಾಂಗಣದ ಮೂಲೆ ಮೂಲೆಗೂ ಕೇಳಿಸಿತು. "ನನ್ನ ಹವಳ ಸತ್ತುಹೋಯ್ತು! ಪಂಪ್ ನಿಂತಿದೆ ಅಂತ ಗೊತ್ತಿದ್ದೂ ಹೇಳ್ದೆ ಹೋದ್ರಿ. ಕೊಲೆಗಾರ!"

ಅವನ ಮುಖ ಬಿಳಚಿತು. ಬಾಯಿ ತೆರೆದ. ಅವಳ ಅತ್ತು ಊದಿದ ಕಣ್ಣುಗಳನ್ನು ನೋಡಿ ಮುಚ್ಚಿಕೊಂಡ.

"ಏನ್ರೀ, ನಿಜಾನಾ?" ಸಂಘದ ಕಾರ್ಯದರ್ಶಿ ಕೇಳಿದರು.

"ಅವರು ಹೇಳಿದ ಮೇಲೆ ಆಯ್ತಲ್ಲ," ಎಂದು ಅವನು ಎದ್ದು ಹೊರಟುಹೋದ.

ಮನೆಗೆ ಬಂದು ಅವಳು ಅಜ್ಜಿಗೆ ಎಲ್ಲ ಒಪ್ಪಿಸಿದಳು. ಭೇಷ್ ಅನ್ನುತ್ತಾರೆ ಅಂದುಕೊಂಡಿದ್ದಳು. ಅಜ್ಜಿ ಕನ್ನಡಕ ತೆಗೆದಿಟ್ಟರು.

"ಆ ಕರಿ ಶರ್ಟಿನವನು ಹೇಳಿದ್ದ ಕಣೇ. ಬಾಗಿಲಾಚೆ ನಿಂತು, 'ಪಂಪ್ ಹಾಕೋಕೆ ಹೇಳಿ ಅಜ್ಜಿ' ಅಂತ ಕೂಗಿದ. ನಾನು ಬಂದು ನಿನಗೆ ಹೇಳೋಕೆ ಹೋದೆ. 'ಆ ಮನುಷ್ಯನ ಒಂದು ಮಾತೂ ನನ್ನ ಹತ್ರ ತರಬೇಡ, ಸುಮ್ನಿರಜ್ಜಿ' ಅಂತ ನೀನೇ ಅಂದೆ. ಆ ಸ್ವಿಚ್ಚೆಲ್ಲ ನನಗೆ ಗೊತ್ತಾಗಲ್ಲ, ನಾನು ಸುಮ್ನಾದೆ."

"ಮತ್ತೆ... ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಜ್ಜಿ?"

"ನೀನು ಊಟ ಬಿಟ್ಟು ಅಳ್ತಿದ್ದೆ. ಅದರ ಮೇಲೆ ಇದನ್ನೂ ಹಾಕ್ಲಾ? ಆದ್ರೆ ಕಂಡೋರ ಮಗನ್ನ ಸಭೇಲಿ ಕೊಲೆಗಾರ ಅನ್ನೋದು ಜಾಸ್ತಿಯಾಯ್ತು."

ದೊಡ್ಡಮ್ಮನನ್ನು ಕೊಂದದ್ದು ಅವಳ ಸಿಟ್ಟು... ಅವಳ ಕೈಯ ಸ್ವಿಚ್ಚು...

ಮರುದಿನ ಸ್ಟುಡಿಯೋ ಬಾಗಿಲಲ್ಲಿ ನಿಂತವಳ ಮುಖ ಆಗಲೂ ಗಂಟಿಕ್ಕಿಕೊಂಡೇ ಇತ್ತು. ಅವಳಿಗೆ ಬರುತ್ತಿದ್ದದ್ದು ಅದೊಂದೇ ಮುಖ.

"ಕ್ಷಮೆ ಕೇಳೋಕೆ ಬಂದಿದ್ದೀನಿ. ಬೇಗ ಕ್ಷಮಿಸಿ, ಪೇಷಂಟ್ ಕಾಯ್ತಿದ್ದಾರೆ."

"ಹೀಗೆ ಹೆದರಿಸಿದ್ರೆ ಕ್ಷಮಿಸದೆ ಏನ್ ಮಾಡ್ಲಿ?"

"ಅಲ್ರೀ! ನೀವು ಹೇಳಿದ್ರಿ ಅಂತ ಅವತ್ತು ಸಭೇಲಿ ಯಾಕೆ ಹೇಳ್ಲಿಲ್ಲ?"

"ಒಂದ್ಸಲ ಎಲ್ಲರ ಮುಂದೆ ನಿಮ್ಮನ್ನ ಸುಳ್ಳಿ ಅಂದಿದ್ದೆ. ಎರಡನೇ ಸಲ ಅನ್ನೋಕೆ ಬಾಯಿ ಬರ್ಲಿಲ್ಲ."

ಅವನು ಒಳಕೋಣೆಯ ಪರದೆ ಸರಿಸಿದ. ಸಣ್ಣ ಟ್ಯಾಂಕು. ಅದರ ಮಧ್ಯೆ, ಕಲ್ಲಿನ ಮೇಲೆ... ದೊಡ್ಡಮ್ಮನ ಬೆರಳು!

"ಬದುಕಿದೆ. ಆದ್ರೆ ನನ್ನ ಹತ್ರ ಬಣ್ಣ ಬಿಟ್ಟು ಕಂದಾಗಿದೆ. ಆ ಬಣ್ಣ ನಿಮ್ಮ ಮನೇಲಿ ಮಾತ್ರ ಬರೋದು."

ಅವಳು ಗಾಜಿಗೆ ಹಣೆ ಒತ್ತಿ ಬಿಕ್ಕಿದಳು. ತಾನು ಸಿಟ್ಟಿನಿಂದ ಮಾಡಿದ್ದರಲ್ಲಿ ಇದೊಂದೇ ಉಳಿದಿತ್ತು.

ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ಗೋಡೆಯ ಮೇಲಿನ ಫೋಟೋ ಕಂಡಿತು. ಅವಳ ಮನೆಯ ಟ್ಯಾಂಕ್. ದೊಡ್ಡಮ್ಮ ಪೂರ್ತಿ ಮಸುಕು. ಗಾಜಿನಲ್ಲಿ ಬಿಳಿ ಕೋಟು ತೊಟ್ಟ ಅವಳದೇ ಬಿಂಬ, ಉರಿಯುವ ಕಣ್ಣು, ಬಿಗಿದ ತುಟಿ... ಸ್ಪಷ್ಟವಾಗಿ.

"ಫೋಕಸ್ ತಪ್ಪಿದೆ," ಅವಳು ಮೆಲ್ಲಗೆ ಹೇಳಿದಳು.

"ಇಲ್ಲ. ತಪ್ಪಿಲ್ಲ."

ಪೇಷಂಟುಗಳು ಅವತ್ತು ಸ್ವಲ್ಪ ಹೆಚ್ಚೇ ಕಾಯಬೇಕಾಯಿತು.

ಸಂಜೆ ಅವಳ ಮನೆಯಲ್ಲಿ, ಪಂಪ್ ನಿಲ್ಲಿಸಿ, ಇಬ್ಬರೂ ಮೊಣಕೈವರೆಗೆ ಕೈ ನೀರಿಗಿಳಿಸಿ ಆ ಕಂದು ತುಂಡನ್ನು ದೊಡ್ಡಮ್ಮನ ಬಿಳಿ ಕಲ್ಲಿನ ಮೇಲೆಯೇ ಅಂಟಿಸಿದರು.

"ಬಣ್ಣ ಬರುತ್ತಾ?" ಅವನು ಕೇಳಿದ.

"ಬರುತ್ತೆ. ದೊಡ್ಡಮ್ಮನ ವಂಶ, ಮೊದಲು ಸ್ವಲ್ಪ ದಿನ ಮುಖ ಊದಿಸ್ಕೊಂಡಿರುತ್ತೆ."

"ಅಲ್ಲಿವರೆಗೂ ದಿನಾ ಬಂದು ನೋಡ್ಲಾ?"

"ನೋಡಿದ್ರೆ ಸಾಲ್ದು. ನೀರು ಬದಲಾಯಿಸ್ಬೇಕು, ಗಾಜು ಉಜ್ಜಬೇಕು."

"ಬೈಗುಳ?"

"ಅದು ಇದ್ದೇ ಇರುತ್ತೆ!"

ಅವನು ನಗಲಿಲ್ಲ. ನೀರಿನೊಳಗೇ ಅವಳ ಬೆರಳು ಹಿಡಿದ. "ನನಗೆ ನೀವಂದ್ರೆ ಇಷ್ಟ, ಡಾಕ್ಟ್ರೇ. ಬೈಗುಳದ ಸಮೇತ."

ಅವಳು ಹೇಳಬೇಕಾದ್ದು ನಾಲಿಗೆಯವರೆಗೆ ಬಂದು ನಾಚಿಕೊಂಡಿತು. ಅವನ ದೃಷ್ಟಿ ಆಗಲೇ ಗೋಡೆಯ ಸ್ವಿಚ್ಚಿನ ಕಡೆ ಹೋಗಿತ್ತು.

"ಉತ್ತರ ಆಮೇಲೆ ಕೊಡಿ. ಮೊದಲು ಪಂಪ್ ಹಾಕಿ."

ಅವಳು ಅವನ ಕೈ ಬಿಡಲಿಲ್ಲ.

"ನೀವೇ ಹಾಕಿ."

"ನಾನಾ? ನಿಮ್ಮ ಸ್ವಿಚ್ ಮುಟ್ಟಬಹುದಾ?"

"ಹೂಂ," ಅವಳು ಹೇಳಿದಳು. "ಇನ್ಮೇಲೆ ಯಾವಾಗ್ಲೂ."